ತಗಡಿನ ಗೋಡೆ

"ಈ ಬಾಗಿಲೇ," ಎಂದು ಅಮಿತಾ ಹೇಳಿ ಮುಗಿಸುವ ಮೊದಲೇ ಸಬ್ ಇನ್ಸ್‌ಪೆಕ್ಟರನ ಬೂಟು ಬಾಗಿಲಿಗೆ ಬಿದ್ದಿತ್ತು. ಅಗುಳಿ ಕಿತ್ತು ಬಂತು. ಕಾನ್‌ಸ್ಟೇಬಲ್‌ಗಳು ಒಬ್ಬರ ಮೇಲೊಬ್ಬರು ಬೀಳುತ್ತ ಒಳಗೆ ನುಗ್ಗಿದರು. ಪಾತ್ರೆ ಉರುಳಿದ ಸದ್ದು, ಹೆಂಗಸೊಬ್ಬಳ ಕೂಗು, ಆಮೇಲೆ ಲಾಠಿಯ ಮೊದಲ ಏಟು ಕೇಳಿಸಿತು. ಅಮಿತಾ ಗಲ್ಲಿಯಲ್ಲೇ ನಿಂತಿದ್ದಳು. ಕೈಯಲ್ಲಿ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ, ಕಿವಿಗೆ ಹೆಡ್‌ಫೋನು, ಕೊರಳಿಂದ ಇಳಿಬಿಟ್ಟ ರಿಸೀವರು. ಸುಳ್ಳು ಯಾಕೆ ಹೇಳಬೇಕು, ಆ ಕ್ಷಣಕ್ಕೆ ಅವಳಿಗೆ ಹೆಮ್ಮೆಯೇ ಆಗಿತ್ತು. ಉಲ್ಹಾಸನಗರದ ಈ ಗಲ್ಲಿಗೆ ಬಂದ ಜೀಪಿನ ಇಂಜಿನ್ನು ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಮನೆ ತೋರಿಸಿಬಿಟ್ಟಿದ್ದಳು.

ಹ್ಯಾಮ್ ರೇಡಿಯೋ ಹವ್ಯಾಸಿಗಳು ಇದನ್ನು ನರಿ ಬೇಟೆ ಎನ್ನುತ್ತಾರೆ. ಒಬ್ಬ ಸಣ್ಣ ಟ್ರಾನ್ಸ್‌ಮಿಟರ್ ಹಿಡಿದು ಎಲ್ಲೋ ಅಡಗಿ ಕೂರಬೇಕು, ಉಳಿದವರು ಆಂಟೆನಾ ತಿರುಗಿಸುತ್ತ, ಸಿಗ್ನಲ್ ಜೋರಾದ ದಿಕ್ಕಿಗೆ ಓಡುತ್ತ ಅವನನ್ನು ಹಿಡಿಯಬೇಕು. ಡೊಂಬಿವಲಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಅಮಿತಾ ಭಾನುವಾರಗಳನ್ನೆಲ್ಲ ಠಾಣೆ ನಗರದ ಯೇವೂರು ಗುಡ್ಡದಲ್ಲಿ ಹೀಗೇ ಕಳೆದವಳು. ಅವಳಷ್ಟು ಬೇಗ ನರಿ ಹಿಡಿಯುವವರು ಕ್ಲಬ್ಬಿನಲ್ಲಿ ಇರಲಿಲ್ಲ. ಸಿಕ್ಕಿಬಿದ್ದವನು ಪೊದೆಯಿಂದ ಎದ್ದು ಬಂದು ಎಲ್ಲರಿಗೂ ವಡಾಪಾವ್ ಕೊಡಿಸುವುದು ಅಲ್ಲಿನ ರೂಢಿ. "ಕಡ್ಡಿ ಹಿಡ್ಕೊಂಡು ಗುಡ್ಡ ಸುತ್ತುವವಳನ್ನು ಯಾರು ಮದುವೆ ಆಗ್ತಾರೆ ಮಾರಾಯ್ತಿ," ಎಂದು ಅಮ್ಮ ದಮಯಂತಿ ಗೊಣಗುತ್ತಿದ್ದಳು. ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಅಪ್ಪ ಹರಿಶ್ಚಂದ್ರ ಮಾತ್ರ ಸೊಸೈಟಿಯ ಸೆಕ್ರೆಟರಿಯ ಜೊತೆ ಜಗಳಕ್ಕೆ ಬಿದ್ದು, ತಾರಸಿಯ ಮೇಲೆ ಮಗಳಿಗೊಂದು ಆಂಟೆನಾ ನಿಲ್ಲಿಸಿಕೊಟ್ಟಿದ್ದ. ಆ ಹುಚ್ಚಿಗೆ ಕೊನೆಗೆ ಕೇಂದ್ರ ಸರ್ಕಾರವೇ ಸಂಬಳ ಕೊಟ್ಟಿತು. ಕದ್ದು ನಡೆಸುವ ಟ್ರಾನ್ಸ್‌ಮಿಟರ್‌ಗಳನ್ನು ಪತ್ತೆ ಮಾಡುವ ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿದ ದಿನ ಬಿಲ್ಡಿಂಗಿಗೆಲ್ಲ ಪೇಡೆ ಹಂಚಿದವಳು ಇದೇ ದಮಯಂತಿ. ಪ್ರೊಬೇಷನ್ ಮುಗಿಯಲು ಇನ್ನೊಂದೇ ತಿಂಗಳಿತ್ತು. ಅಲ್ಲಿಯವರೆಗೆ ಎಡವಟ್ಟು ಮಾಡಿಕೊಳ್ಳದಿದ್ದರೆ ನೌಕರಿ ಖಾಯಂ.

ಇವತ್ತಿನದು ಆಟದ ನರಿಯಲ್ಲ. ಯಾವನೋ ಒಬ್ಬ ಪೊಲೀಸರ ವೈರ್‌ಲೆಸ್ಸಿನಲ್ಲಿ ನುಗ್ಗಿ ಅಮ್ಮ ಅಕ್ಕ ಎಂದು ಬೈಯುತ್ತಿದ್ದ, ಸುಳ್ಳು ಸುದ್ದಿ ಕೊಡುತ್ತಿದ್ದ. ಹೋದ ವಾರ ಅಂಥದೊಂದು ಸುಳ್ಳು ನಂಬಿ ವ್ಯಾನು ಬೇರೆಲ್ಲೋ ಹೋಯಿತು. ಗಲಾಟೆಯ ನಡುವೆ ಒಂಟಿಯಾಗಿ ಸಿಕ್ಕಿಬಿದ್ದ ಕಾನ್‌ಸ್ಟೇಬಲ್ ಒಬ್ಬನ ಕಣ್ಣು ಸೋಡಾ ಬಾಟಲಿಗೆ ಹೋಯಿತು. ಅವನೂ ಈ ಸಬ್ ಇನ್ಸ್‌ಪೆಕ್ಟರನೂ ಒಂದೇ ಊರಿನವರು. ಸುಳಿವು ಸಿಗಬಾರದೆಂದು ಪೊಲೀಸರು ಇವತ್ತು ತಮ್ಮ ಸೆಟ್‌ಗಳನ್ನೆಲ್ಲ ಬಂದ್ ಮಾಡಿಕೊಂಡೇ ಬಂದಿದ್ದರು.

ಅಮಿತಾ ಹೊಸ್ತಿಲು ದಾಟಿದಾಗ ಮೂವತ್ತರ ಆಸುಪಾಸಿನವನೊಬ್ಬನನ್ನು ನೆಲಕ್ಕೆ ಕೆಡವಿ ಒದೆಯುತ್ತಿದ್ದರು. ಮೇಜಿನ ಮೇಲೆ ಬಿಚ್ಚಿಟ್ಟ ವಾಕಿಟಾಕಿಗಳಿದ್ದವು.

"ಮಾಲ್ ಕೆ ಸಾಥ್ ಮಿಲಾ, ಸಾಬ್," ಮಾಲು ಸಮೇತ ಸಿಕ್ಕ ಎಂದ ಒಬ್ಬ ಕಾನ್‌ಸ್ಟೇಬಲ್.

ಸಬ್ ಇನ್ಸ್‌ಪೆಕ್ಟರ್ ಬಿದ್ದವನ ಬಲಗೈಯನ್ನು ಮೇಜಿನ ಮೇಲಕ್ಕೆಳೆದು ಒತ್ತಿ ಹಿಡಿಸಿದ. "ಇಸೀ ಹಾಥ್ ಸೆ ಬಟನ್ ದಬಾತಾ ಥಾ ನಾ?" ಇದೇ ಕೈಯಿಂದ ತಾನೇ ಬಟನ್ ಒತ್ತುತ್ತಿದ್ದದ್ದು ಎಂದು ಲಾಠಿ ಎತ್ತಿದ. ಅದು ಬೆರಳುಗಳ ಮೇಲೆ ಬಿತ್ತು. ಮೂಳೆ ಮುರಿಯುವ ಸದ್ದು ಅಷ್ಟು ಸಣ್ಣದೆಂದು ಅಮಿತಾಗೆ ಗೊತ್ತಿರಲಿಲ್ಲ. ಆ ಮನುಷ್ಯ "ಯವ್ವಾ" ಎಂದು ಕೂಗಿದ.

ಮೂಲೆಯಲ್ಲಿದ್ದ ಮುದುಕಿ ಎದ್ದು ಬಂದು ಲಾಠಿಗೆ ಜೋತುಬಿದ್ದಳು. "ಬ್ಯಾಡೋ ಯಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ನನ್ನ ಮಗ ವಾಚ್‌ಮನ್ ಮಂದಿ ಕೊಟ್ಟ ಕೆಟ್ಟ ಸೆಟ್ ರಿಪೇರಿ ಮಾಡ್ತಾನ, ಮತ್ತೇನೂ ಮಾಡಂಗಿಲ್ಲ."

ಮಗನನ್ನು ಬಿಟ್ಟರೆ ಆ ಕೋಣೆಯಲ್ಲಿ ಅವಳ ಕನ್ನಡ ತಿಳಿದದ್ದು ಅಮಿತಾ ಒಬ್ಬಳಿಗೇ. ಕಾನ್‌ಸ್ಟೇಬಲ್ ಮುದುಕಿಯನ್ನು ಎದೆಗೆ ಕೈಕೊಟ್ಟು ತಳ್ಳಿದ. ಅವಳ ತಲೆ ಗ್ಯಾಸ್ ಸಿಲಿಂಡರಿಗೆ ಬಡಿಯಿತು. "ಸಿದ್ರಾಮಾ," ಎಂದು ಬಿದ್ದಲ್ಲಿಂದಲೇ ಮಗನನ್ನು ಕರೆದಳು.

ಆಗ ಅಮಿತಾಳ ಹೆಡ್‌ಫೋನಿನಲ್ಲಿ ದನಿ ಬಂತು. ಗಲ್ಲಿಗೆ ಬರುವಾಗ ಕೇಳಿದ್ದ ಅದೇ ದನಿ, ಅದೇ ನಗು, ಅದೇ ಹೊಲಸು ಬೈಗುಳ. ಎದುರಿಗಿದ್ದ ಸಿದ್ರಾಮನ ಬಾಯಲ್ಲಿ ರಕ್ತ ತುಂಬಿತ್ತು, ಅವನ ಎರಡೂ ಕೈಗಳು ಪೊಲೀಸರ ಹಿಡಿತದಲ್ಲಿದ್ದವು. ಅಮಿತಾ ಹೊರಗೋಡಿ ತಲೆ ಎತ್ತಿ ನೋಡಿದಳು. ಸಿದ್ರಾಮನ ಮನೆಯ ಬೆನ್ನಿಗೇ ಜೀನ್ಸ್ ತೊಳೆಯುವ ಕಾರ್ಖಾನೆಯೊಂದರ ಹೊಸ ತಗಡಿನ ಗೋಡೆ ಮಾಳಿಗೆಗಿಂತ ಎತ್ತರಕ್ಕೆ ನಿಂತಿತ್ತು. ಸ್ಟೀಲ್ ತಟ್ಟೆಗೆ ಬಿದ್ದ ಬಿಸಿಲು ತಿರುಗಿ ಕಣ್ಣಿಗೆ ಹೊಡೆಯುವಂತೆ, ಸಿಗ್ನಲ್ ಅವಳ ಬೆನ್ನ ಹಿಂದಿನಿಂದೆಲ್ಲೋ ಬಂದು ಆ ತಗಡಿಗೆ ಬಡಿದು ಮರಳಿತ್ತು. ಅದನ್ನೇ ನಂಬಿ ಅವಳು ಬಾಗಿಲು ತೋರಿಸಿದ್ದಳು. ಮೂರು ಕಡೆ ನಿಂತು ಅಳೆಯದೆ ಬಾಯಿ ಬಿಡಬೇಡಿ ಎಂದು ಹೊಸ ಹುಡುಗರಿಗೆ ಕ್ಲಬ್ಬಿನಲ್ಲಿ ಪಾಠ ಹೇಳುತ್ತಿದ್ದವಳು ಅವಳೇ. ಇವತ್ತು ಒಂದೇ ಕಡೆ ನಿಂತು ಅಳೆದಿದ್ದಳು. ಪೊಲೀಸರು ಅವಸರ ಮಾಡಿದ್ದೇನೋ ನಿಜ, ಆದರೆ ತನ್ನ ಚುರುಕು ನಾಲ್ಕು ಜನ ನೋಡಲಿ ಎಂಬ ಆಸೆಯೂ ಅವಳಿಗಿತ್ತು.

ಜೀಪಿನಲ್ಲಿ ಮೇಲಧಿಕಾರಿ ಗಣಪತಿ ಸಿಗ್ನಲ್ ತೋರಿಸುವ ಮೀಟರಿನ ಮುಂದೆ ಕೂತಿದ್ದರು. ಮೈಸೂರಿನವರು, ದನಿ ಏರಿಸಿದವರಲ್ಲ.

"ಸರ್, ತಪ್ಪಾಗಿದೆ. ಈ ಮನೆ ಅಲ್ಲ."

"ಗೊತ್ತಾಯ್ತು, ಮುಳ್ಳು ಇನ್ನೂ ಆಡ್ತಾ ಇದೆ. ಮೆಲ್ಲಗೆ ಮಾತಾಡಿ. ಒಳಗೆ ಸೆಟ್‌ಗಳು ಸಿಕ್ಕಿವೆ, ಲೈಸೆನ್ಸ್ ಇರಲ್ಲ, ಕೇಸು ನಿಲ್ಲತ್ತೆ. ಮುಂದಿನ ತಿಂಗಳು ನಿಮ್ಮ ಕನ್ಫರ್ಮೇಷನ್ನು. ಈಗ ಕೂಗಾಡಿದ್ರೆ ಯಾರಿಗೆ ಲಾಭ?"

"ಅವನ ಕೈ ಮುರೀತಾ ಇದ್ದಾರೆ ಸರ್."

"ಅದು ಪೊಲೀಸರ ವಿಷಯ ಕಣಮ್ಮ."

ಅಮಿತಾ ನಿಂತೇಬಿಟ್ಟಳು. ಹೋಟೆಲಿಗೆ ಬಂದವರಿಗೆಲ್ಲ ಮಗಳು ಸೆಂಟ್ರಲ್ ಗೌರ್ಮೆಂಟ್ ಎಂದು ಹೇಳಿಕೊಂಡು ಚಿಲ್ಲರೆ ಕೊಡಲು ಮರೆಯುವ ಅಪ್ಪ ನೆನಪಾದ. ಒಳಗೆ ಲಾಠಿ ಮತ್ತೆ ಬಿತ್ತು. ಅವಳು ಕದಲಲಿಲ್ಲ. ಇನ್ನೊಮ್ಮೆ ಬಿತ್ತು. ಈ ಸಲ ಸಿದ್ರಾಮ ಕೂಗಲಿಲ್ಲ. ಅವನು ಕೂಗದಿದ್ದದ್ದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಓಡಿಹೋಗಿ ಎತ್ತಿದ ಲಾಠಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಯಾರದೋ ಮೊಣಕೈ ಬಾಯಿಗೆ ಬಡಿದು ತುಟಿ ಸೀಳಿತು. ಲಾಠಿ ಬಿಡಲಿಲ್ಲ, ಒಂದು ಕೈಯಿಂದ ಹೆಡ್‌ಫೋನಿನ ವೈರನ್ನು ರಿಸೀವರಿನಿಂದ ಕಿತ್ತಳು. ಸ್ಪೀಕರಿನಿಂದ ದನಿ ಕೋಣೆಯೊಳಕ್ಕೆ ಬಂತು.

"ಢೂಂಢೋ, ಢೂಂಢೋ. ಅಗಲೀ ಬಾರ್ ದೂಸ್ರೀ ಆಂಖ್ ಭೀ ಲೇ ಲೂಂಗಾ." ಹುಡುಕಿ ಹುಡುಕಿ, ಮುಂದಿನ ಸಲ ಇನ್ನೊಂದು ಕಣ್ಣನ್ನೂ ಕೀಳುತ್ತೇನೆ ಎಂದು ಅದು ನಗುತ್ತಿತ್ತು.

ಎಲ್ಲರೂ ಮೇಜಿನ ಮೇಲಿದ್ದ ಕೈಯನ್ನೇ ನೋಡಿದರು. ನಡುವಿನ ಎರಡು ಬೆರಳು ಬೇರೆಯದೇ ದಿಕ್ಕಿಗೆ ತಿರುಗಿದ್ದವು.

"ಯೇ ವೋ ನಹೀಂ ಹೈ ಸಾಬ್. ಗಲತೀ ಮೇರೀ ಹೈ," ಇವನು ಅವನಲ್ಲ, ತಪ್ಪು ನನ್ನದು ಎಂದಳು ಅಮಿತಾ.

ಸಬ್ ಇನ್ಸ್‌ಪೆಕ್ಟರ್ ಅವಳ ರಟ್ಟೆ ಹಿಡಿದು ಗಲ್ಲಿಗೆ ದರದರ ಎಳೆದು ತಂದ. "ತೋ ಕಿಧರ್ ಹೈ? ದಿಖಾ."

ಅವಳು ಗಲ್ಲಿಯ ಬಾಯಿಗೆ ಹೋಗಿ ನಿಂತಳು, ಮಧ್ಯಕ್ಕೆ ಬಂದಳು, ಹ್ಯಾಂಡ್‌ಪಂಪಿನ ಹತ್ತಿರ ಹೋದಳು. ಮೂರು ಕಡೆಯಿಂದಲೂ ಆಂಟೆನಾ ಒಂದೇ ಕಡೆಗೆ ತಿರುಗಿತು: ಎದುರು ಕಟ್ಟಡದ ಮೇಲಿನ ಮಾಳಿಗೆ, ಹಸಿರು ಪರದೆಯ ಕಿಟಕಿ. ಅಲ್ಲಿಂದ ತೆಳ್ಳನೆಯ ತಂತಿಯೊಂದು ನೀರಿನ ಟ್ಯಾಂಕಿನವರೆಗೆ ಹೋಗಿತ್ತು. ಅಷ್ಟು ಸ್ಪಷ್ಟವಾದ ದಿಕ್ಕು ಯೇವೂರಿನ ಗುಡ್ಡದಲ್ಲೂ ಅವಳಿಗೆ ಸಿಕ್ಕಿರಲಿಲ್ಲ. ಕಣ್ಣು ಹೋದವನ ನೆನಪಾಯಿತು. ಮೇಲೆ ಕೂತು ನಗುತ್ತಿದ್ದವನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಬೆರಳೆತ್ತಿ ತೋರಿಸಿಬಿಡಬೇಕೆನಿಸಿತು. ಆ ಪರದೆಯ ಸಂದಿನಲ್ಲಿ ಹೆಂಗಸೊಬ್ಬಳು ಒಗೆದ ಬಟ್ಟೆ ಕೊಡವುತ್ತಿದ್ದಳು. ಕಾನ್‌ಸ್ಟೇಬಲ್‌ಗಳು ಅಮಿತಾಳ ಮುಖವನ್ನೇ ನೋಡುತ್ತ ನಿಂತಿದ್ದರು. ಒಬ್ಬನ ಲಾಠಿಯ ತುದಿ ಇನ್ನೂ ರಕ್ತದಲ್ಲಿ ಒದ್ದೆಯಾಗಿತ್ತು.

"ಚಾರೋಂ ತರಫ್ ಪತ್ರಾ ಹೈ ಸಾಬ್. ದಿಶಾ ನಹೀಂ ಮಿಲ್ ರಹೀ," ಸುತ್ತಲೂ ತಗಡು, ದಿಕ್ಕು ಸಿಗುತ್ತಿಲ್ಲ ಎಂದಳು.

"ಇಸ್ಕೋ ನೌಕ್ರೀ ಕಿಸ್ನೇ ದೀ," ಇವಳಿಗೆ ನೌಕರಿ ಕೊಟ್ಟವರು ಯಾರು ಎಂದು ಸಬ್ ಇನ್ಸ್‌ಪೆಕ್ಟರ್ ಗಣಪತಿಯವರ ಕಡೆ ತಿರುಗಿ ಕೇಳಿ, ಅವಳ ಕಾಲ ಬಳಿ ಉಗುಳಿದ. ಪೊಲೀಸರು ಸೆಟ್‌ಗಳನ್ನು ಗೋಣಿಗೆ ತುಂಬಿಕೊಂಡು ತಮ್ಮ ವ್ಯಾನಿನತ್ತ ನಡೆದರು. ಸಿದ್ರಾಮನನ್ನು ಒಯ್ಯಲಿಲ್ಲ, ತಿರುಗಿಯೂ ನೋಡಲಿಲ್ಲ.

ಗಣಪತಿ ಅವಳನ್ನು ಹತ್ತಿರ ಕರೆದರು. "ನಿಮಗೆ ಸಿಕ್ತು. ಮೂರು ಕಡೆಯಿಂದಲೂ ನಿಮ್ಮ ಆಂಟೆನಾ ಒಂದೇ ಕಡೆ ನಿಂತಿದ್ದು ನಾನು ನೋಡ್ದೆ."

"ಸಿಕ್ಕಿಲ್ಲ ಸರ್."

"ಹಾಗಾದ್ರೆ ಈ ಹುಡುಗಿಗೆ ದಿಕ್ಕು ಹಿಡಿಯೋಕೆ ಬರಲ್ಲ ಅಂತ ಬರೀಬೇಕಾಗತ್ತೆ. ಬೇರೇನೂ ಬರೆಯೋಕಾಗಲ್ಲ."

"ಬರೀರಿ ಸರ್."

ಅವಳು ಆಂಟೆನಾವನ್ನೂ ರಿಸೀವರನ್ನೂ ಜೀಪಿನ ಸೀಟಿನ ಮೇಲಿಟ್ಟು ಗಲ್ಲಿಯ ತುದಿಗೆ ರಿಕ್ಷಾ ಕರೆಯಲು ಓಡಿದಳು. ಅವಳಿಗೆ ಅಳು ಬರುತ್ತಿತ್ತು.

ಸರ್ಕಾರಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಸಿದ್ರಾಮ ಇಬ್ಬರು ಹೆಂಗಸರ ನಡುವೆ ಒರಗಿ ಕೂತಿದ್ದ. ಗುರಮ್ಮ, ಮುದುಕಿಯ ಹೆಸರು ಅದು, ಸೆರಗು ಹರಿದು ಮಗನ ಕೈಗೆ ಸುತ್ತುತ್ತಿದ್ದಳು. ಅವಳ ಹಣೆಯೂ ಒಡೆದಿತ್ತು, ಅದರ ಪರಿವೆ ಅವಳಿಗಿರಲಿಲ್ಲ. ಸುತ್ತುತ್ತ ಸುತ್ತುತ್ತ ತಲೆ ಎತ್ತದೆಯೇ ಕೇಳಿದಳು.

"ನಮ್ಮ ಮನೀ ತೋರಿಸಿದಾಕಿ ನೀನ ಏನು?"

"ಹೌದು. ನಾನೇ ತೋರಿಸಿದ್ದು."

ಗುರಮ್ಮ ಗಂಟು ಬಿಗಿದಳು. ಆಮೇಲೆ ಮಗನ ಮೇಲಿಂದ ಕೈ ಚಾಚಿ ಅಮಿತಾಳ ಕೆನ್ನೆಗೆ ಬಾರಿಸಿದಳು. ಸೀಳಿದ ತುಟಿಯಿಂದ ಮತ್ತೆ ರಕ್ತ ಬಂತು. ರಿಕ್ಷಾದವನು ಕನ್ನಡಿಯಲ್ಲಿ ನೋಡಿ ಗಾಡಿ ನಿಧಾನ ಮಾಡಿದ, ಮತ್ತೆ ಜೋರು ಮಾಡಿದ. ಗುಂಡಿಯೊಂದಕ್ಕೆ ಚಕ್ರ ಇಳಿದಾಗ ಸಿದ್ರಾಮನ ಕೈ ಅಮಿತಾಳ ತೊಡೆಯ ಮೇಲೆ ಜಾರಿತು, ಸೆರಗಿನ ಬಟ್ಟೆ ಕೆಂಪಾಗತೊಡಗಿತು.

"ಹಿಡಿ ಅದನ್ನ," ಎಂದಳು ಗುರಮ್ಮ. "ಮ್ಯಾಲ ಹಿಡಿ. ರಗತ ಕೆಳಗ ಇಳೀಬಾರದು."

ಅಮಿತಾ ಆ ಕೈಯನ್ನು ಎರಡೂ ಕೈಗಳಿಂದ ಎತ್ತಿ ತನ್ನ ಮುಖದ ಮಟ್ಟಕ್ಕೆ ಹಿಡಿದಳು. ರಿಕ್ಷಾ ಸಿಗ್ನಲ್ಲಿನಲ್ಲಿ ನಿಂತಿತು, ಹೊರಟಿತು, ಮತ್ತೆ ನಿಂತಿತು. ಅವಳು ಹಾಗೆಯೇ ಹಿಡಿದುಕೊಂಡು ಕೂತಿದ್ದಳು.