ತ್ರಿಶಂಕು ನೌಕೆಯ ಕೆಂಪು ಕಾಯಿ

ನಾನು ಒಂದು ಆಟದ ಕಾಯಿ. ಹೆಬ್ಬೆರಳಿನಷ್ಟು ಎತ್ತರ, ಮೈಯೆಲ್ಲ ಕೆಂಪು. ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಆಲೆ ಮರದ ತುಂಡಿನಿಂದ. ಚಾಂದ್‌ಪಾಷಾ ಎಂಬ ಕುಶಲಕರ್ಮಿ ನನ್ನನ್ನು ಲೇತ್‌ಗೆ ಸಿಕ್ಕಿಸಿ, ಉಳಿಯಿಂದ ತಲೆ, ಭುಜ ಬಿಡಿಸಿದರು. ತಿರುಗುವ ಮೈಗೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಹತ್ತಿತು. ತಾಳೆಗರಿಯಿಂದ ಉಜ್ಜಿದ ಮೇಲೆ ಹೊಳಪು ಬಂತು. ನನ್ನ ಜೊತೆ ಇನ್ನೂ ಐದು ಕಾಯಿಗಳು ಹುಟ್ಟಿದವು. ನಾವು ಯಾರೆಂದು ಪೆಟ್ಟಿಗೆ ಸೇರಿದ ಮೇಲೆ ತಿಳಿಯಿತು: ‘ತ್ರಿಶಂಕು’ ಎಂಬ ಬಾಹ್ಯಾಕಾಶ ನೌಕೆಯ ಸಿಬ್ಬಂದಿ.

ಆಟ ಶುರುವಾಗುವ ಹೊತ್ತಿಗೇ ನೌಕೆ ಒಡೆದಿರುತ್ತದೆ. ಉಲ್ಕೆ ಬಡಿದು ಎಂಜಿನ್ ಕೋಣೆಗೆ ಬೆಂಕಿ ಬಿದ್ದಿದೆ, ಓಣಿಗಳ ತುಂಬ ಹೊಗೆ. ಪ್ರತಿ ಸುತ್ತಿಗೂ ಆಮ್ಲಜನಕದ ಮುಳ್ಳು ಒಂದು ಮನೆ ಇಳಿಯುತ್ತದೆ, ಅದು ಸೊನ್ನೆ ಮುಟ್ಟಿದರೆ ಎಲ್ಲರೂ ಸತ್ತಂತೆ. ಆಡುವವರೆಲ್ಲ ಒಂದೇ ಪಕ್ಷ. ಬಿದ್ದ ದಾಳವನ್ನು ಯಾವ ಕಾಯಿಗಾದರೂ ನಡೆಸಿ, ಬಾಗಿಲಿಗೆ ತಂದು, ರಕ್ಷಣಾ ದೋಣಿ ಹತ್ತಿಸಬೇಕು. ಮೂವರು ಹತ್ತಿದರೂ ದೋಣಿ ಬಿಟ್ಟು ಗೆದ್ದೆವು ಎನ್ನಬಹುದು. ಉಳಿದವರ ಗತಿಯನ್ನು ನಿಯಮಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ.

ನಮ್ಮನ್ನು ಕೊಂಡವನು ರುದ್ರಮುನಿ. ಕಾರ್ಖಾನೆಗಳ ಊರೊಂದರ ಅಗ್ನಿಶಾಮಕ ಠಾಣೆಯಲ್ಲಿ ಅವನ ಕೆಲಸ. ಕರೆ ಬಾರದ ಮಧ್ಯಾಹ್ನಗಳಲ್ಲಿ ವಿಶ್ರಾಂತಿ ಕೋಣೆಯ ಮೇಜಿನ ಮೇಲೆ ಹಲಗೆ ಬಿಚ್ಚಿಕೊಳ್ಳುತ್ತಿತ್ತು. ನಾನು ರುದ್ರಮುನಿಯ ಕಾಯಿ. ನೀಲಿ ಅವನ ಜೊತೆಗಾರ ಖಯ್ಯೂಮನದು, ಹಳದಿ ಗಾಡಿಯ ಚಾಲಕ ತಿಮ್ಮಪ್ಪನದು. ಮಿಕ್ಕವು ಬಿಡುವಾಗಿದ್ದವರಿಗೆ.

ಈ ಜನ ಪುಸ್ತಕದಂತೆ ಆಡಲಿಲ್ಲ. ಕೈ ಸಾಲದ ಆ ಠಾಣೆಯಲ್ಲಿ ಒಂದು ಪದ್ಧತಿಯಿತ್ತು. ಹೊಗೆ ತುಂಬಿದ ಕಟ್ಟಡಕ್ಕೆ ಒಬ್ಬ ನುಗ್ಗಿದರೆ ಇನ್ನೊಬ್ಬ ಬಾಗಿಲಲ್ಲೇ ನಿಂತು ಅವನ ಹೆಸರು ಕೂಗುತ್ತಿರಬೇಕು. ಒಳಗೆ ಕಣ್ಣು ಕಾಣುವುದಿಲ್ಲ, ಆ ಕೂಗೇ ದಾರಿ. ಆಟದಲ್ಲೂ ನೀಲಿ ಕಾಯಿ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ನನ್ನನ್ನು ನಡೆಸುವ ಮುಂಚೆ ಖಯ್ಯೂಮ್ “ರುದ್ರಾ, ಓಯ್!” ಎಂದು ಕೂಗಲೇಬೇಕು. “ಬಂದೆ ಇರೋ, ಟೀ ಕುಡಿದು ಖಾಲಿ ಮಾಡ್ಬೇಡ,” ಎಂದು ರುದ್ರಮುನಿ ಓಗೊಡಬೇಕು. ಎಲ್ಲರೂ ಬರುವ ತನಕ ದೋಣಿ ಬಿಡುವಂತಿಲ್ಲ. ಹಾಗಾಗಿ ಬಹಳ ಸಲ ಆರೂ ಜನ ಸಾಯುತ್ತಿದ್ದೆವು.

“ಮೂರು ಜನ ಹತ್ತವ್ರೆ, ಬಿಡ್ರೋ ದೋಣಿನ,” ಎಂದು ತಿಮ್ಮಪ್ಪ ರೇಗುತ್ತಿದ್ದ. “ನಿಮ್ಮಂಥ ಪೆದ್ದರನ್ನ ನಂಬ್ಕೊಂಡು ಊರವರು ನಿದ್ದೆ ಮಾಡ್ತಾವ್ರಲ್ಲಪ್ಪ!”

“ಅದು ನಿನ್ನ ಗಾಡಿ ಅಲ್ಲ. ಮುಚ್ಕೊಂಡು ಕೂತ್ಕೊ,” ಎನ್ನುತ್ತಿದ್ದ ಖಯ್ಯೂಮ್.

ಒಂದು ಮಧ್ಯಾಹ್ನ ಆಟದ ನಡುವೆ ಸೈರನ್ ಕೂಗಿತು. ನಾನು ಎಂಜಿನ್ ಕೋಣೆಯಲ್ಲಿದ್ದೆ, ನೀಲಿ ಬಾಗಿಲಲ್ಲಿತ್ತು. ಆಮ್ಲಜನಕ ಕೊನೆಯ ಮನೆಗೆ ಇಳಿದಿತ್ತು. “ಯಾರಾದ್ರೂ ಕೈ ಹಾಕಿದ್ರೆ ನೋಡಿ, ಬಂದು ಗೆಲ್ತೀನಿ,” ಎನ್ನುತ್ತ ರುದ್ರಮುನಿ ಬೂಟು ಏರಿಸಿಕೊಂಡು ಓಡಿದ.

ಮುಂದಿನದನ್ನು ನಾನು ಕಂಡಿಲ್ಲ. ಕೋಣೆಯಲ್ಲಿ ಕೇಳಿದ್ದನ್ನಷ್ಟೇ ಹೇಳುತ್ತೇನೆ. ಬಣ್ಣಕ್ಕೆ ಬೆರೆಸುವ ಥಿನ್ನರ್ ದಾಸ್ತಾನಿದ್ದ ಗೋದಾಮು. ಒಳಗೊಬ್ಬ ಕೂಲಿಯಾಳು ಸಿಕ್ಕಿಕೊಂಡಿದ್ದಾನೆಂದು ಕಾವಲುಗಾರ ಹೇಳಿದ. ರುದ್ರಮುನಿ ನುಗ್ಗಿದ. ಖಯ್ಯೂಮ್ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಚಾವಣಿ ಬಾಗತೊಡಗಿದಾಗ ಎಲ್ಲರೂ ಹಿಂದೆ ಸರಿಯಬೇಕೆಂದು ಅಧಿಕಾರಿ ಆದೇಶ ಕೊಟ್ಟರು. ಖಯ್ಯೂಮ್ ಕದಲಲಿಲ್ಲ. ಇಬ್ಬರು ಸೇರಿ ಅವನನ್ನು ಎಳೆದೊಯ್ದರು, ಒಬ್ಬ ಅವನ ಬಾಯಿಯನ್ನೂ ಅಮುಕಿ ಹಿಡಿದಿದ್ದರಿಂದ ಕೂಗು ನಿಂತುಹೋಯಿತು. ಆದೇಶ ತಪ್ಪಾಗಿರಲಿಲ್ಲ, ಚಾವಣಿ ಕುಸಿದೇ ಕುಸಿಯಿತು. ಕೂಲಿಯಾಳು ಹಿಂಬಾಗಿಲಿನಿಂದ ಮೊದಲೇ ಹೊರಬಿದ್ದಿದ್ದ.

ರುದ್ರಮುನಿಯ ಶವ ಬಾಗಿಲ ಹತ್ತಿರವೇ ಸಿಕ್ಕಿತು. ಮುಖ ಮಾತ್ರ ಒಳಗಿನ ಕಡೆಗಿತ್ತು.

ಹಲಗೆಯನ್ನು ಯಾರೂ ಮಡಚಲಿಲ್ಲ. ತಿಮ್ಮಪ್ಪ ಮೇಲೊಂದು ದಿನಪತ್ರಿಕೆ ಹೊದಿಸಿದ. ಅದರಡಿಯಲ್ಲಿ ನಾನು ಎಂಜಿನ್ ಕೋಣೆಯಲ್ಲೇ ಉಳಿದೆ. ಊಟಕ್ಕೆ ಬಂದವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

ಆಮೇಲೆ ಹೊಸ ಅಧಿಕಾರಿ ಬಂದರು. ಮೇಲಿನವರ ತಪಾಸಣೆಯಿದೆ, ಮೇಜು ಖಾಲಿ ಮಾಡಿ ಎಂದರು.

“ಒಂದು ಸುತ್ತು ಬಾಕಿ ಇದೆ ಸರ್,” ಎಂದ ಖಯ್ಯೂಮ್.

ಅಧಿಕಾರಿ ಅವನ ಮುಖ ನೋಡಿದರು. “ಮುಗಿಸಿ,” ಎಂದು ಹೊರಗೆ ಹೋದರು.

ಖಯ್ಯೂಮ್ ಪತ್ರಿಕೆ ಸರಿಸಿ ದಾಳ ಹಾಕಿದ. ಆರು ಬಿತ್ತು. ಎಂಜಿನ್ ಕೋಣೆಯಿಂದ ಬಾಗಿಲಿಗೆ ಸರಿಯಾಗಿ ಆರು ಮನೆ.

“ಆರು ಬಿತ್ತಲ್ಲೋ!” ತಿಮ್ಮಪ್ಪ ಮೇಜಿನ ಮೇಲೆ ಬಾಗಿದ. “ತಗೊಂಬಾರೋ ಅವನ್ನ!”

ಖಯ್ಯೂಮನ ಬೆರಳು ನನ್ನ ತಲೆಯ ಮೇಲೆ ಬಂತು. ಬೆವರಿತ್ತು. ಸ್ವಲ್ಪ ಹೊತ್ತು ಅಲ್ಲೇ ಇದ್ದು ಹಿಂದೆ ಸರಿಯಿತು.

“ಇಲ್ಲ ಕಣೋ. ಅವನು ಬರ್ಲಿಲ್ಲ.”

“ಲೇ, ಆಟ ಕಣೋ ಇದು.”

“ಗೊತ್ತು.”

ಅವನು ನೀಲಿ ಕಾಯಿಯನ್ನು ಎತ್ತಿಕೊಂಡ. ಎಂದೂ ಬಾಗಿಲು ಬಿಡದ ಆ ಕಾಯಿಯನ್ನು ಮನೆ ಮನೆಯಾಗಿ ಹೊಗೆಯೊಳಗೆ ನಡೆಸಿ ನನ್ನ ಪಕ್ಕ ತಂದು ಇಟ್ಟ. “ರುದ್ರಾ, ಓಯ್,” ಎಂದ, ಮೆಲ್ಲಗೆ. ಓಗೊಡುವವರು ಇರಲಿಲ್ಲ. ಮುಳ್ಳನ್ನು ಸೊನ್ನೆಗೆ ತಿರುಗಿಸಿ ಹಲಗೆ ಮಡಚಿದ.

ಈಗ ನಾವು ಉಗ್ರಾಣದಲ್ಲಿ, ಹರಿದ ನೀರಿನ ಪೈಪುಗಳ ಹಿಂದಿದ್ದೇವೆ. ನನ್ನ ಅರಗು ಬಿರುಕು ಬಿಟ್ಟಿದೆ. ರುದ್ರಮುನಿ ಹಿಡಿಯುತ್ತಿದ್ದ ಕಡೆ ಮರ ಕಾಣುತ್ತದೆ. ನಿಯಮದ ಪ್ರಕಾರ ಆ ಆಟದಲ್ಲಿ ಆರೂ ಜನ ಸತ್ತೆವು. ನನ್ನ ಪಕ್ಕದಲ್ಲಿ ನೀಲಿ ಕಾಯಿ ಇತ್ತು, ಅಷ್ಟೇ ವ್ಯತ್ಯಾಸ. ಅದು ಸಣ್ಣದೋ ದೊಡ್ಡದೋ ನಾನು ಹೇಳಲಾರೆ.

ಖಯ್ಯೂಮ್ ಈಗ ಬಾಗಿಲಲ್ಲಿ ನಿಲ್ಲುವುದಿಲ್ಲವಂತೆ. ಒಳಗೆ ಹೋಗುವ ಸರದಿಯನ್ನೇ ಕೇಳಿ ಪಡೆಯುತ್ತಾನಂತೆ. ಸೈರನ್ ಕೂಗಿದರೆ ಪೆಟ್ಟಿಗೆ ಅದುರುತ್ತದೆ, ಬೂಟುಗಳು ಓಡುತ್ತವೆ, ಗಾಡಿ ಹೊರಡುತ್ತದೆ. ಅಲ್ಲಿ ಹೊರಗೆ ನಿಂತು ಅವನ ಹೆಸರು ಕೂಗುವವರು ಯಾರೋ, ಇಲ್ಲಿಗೆ ಕೇಳಿಸುವುದಿಲ್ಲ.