ಸಂಜೆ ತೆಗೆದಿಡುವ ಕಿವಿಯಂತ್ರ

ಕಿವಿಯಂತ್ರ ಬಂದಾಗಿನಿಂದ ಅವಳ ಸಂಸಾರದಲ್ಲಿ ಮೂರನೆಯವರೊಬ್ಬರು ಬಂದು ಕೂತಂತಾಗಿತ್ತು. ಪುಸ್ತಕಗಳಿಗೆ ರಟ್ಟು ಕಟ್ಟುವ ಗಂಡನಿಗೆ ಮದುವೆಗೆ ಮುಂಚೆಯೇ ಜ್ವರ ಬಂದು ಕಿವಿ ಹೋಗಿತ್ತು. ಮದುವೆಯಾದಂದಿನಿಂದ ಅವನ ಕಿವಿ ಅವಳೇ. ಗಿರಾಕಿ ಅಂದದ್ದನ್ನು ಅವಳು ತುಟಿಯಾಡಿಸಿ ತಿಳಿಸಬೇಕು, ಆಮೇಲೆ ಅವನು ನಗಬೇಕು. ಈಗ ಪಕ್ಕದಂಗಡಿಯ ಟೈಲರಮ್ಮ ಬಾಗಿಲಲ್ಲಿ ನಿಂತು ಏನೋ ಅಂದರೆ ಸಾಕು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಸಂಜೆ ಹೆಂಡತಿ ಕೆಲಸದಿಂದ ಬಂದು ಹೊಸ್ತಿಲು ತುಳಿದಳೋ ಇಲ್ಲವೋ, ಯಂತ್ರ ಕಿವಿಯಿಂದ ಡಬ್ಬಿಗೆ ಇಳಿಯುತ್ತಿತ್ತು. ಊರವರ ಮಾತೆಲ್ಲ ಬೇಕು, ತನ್ನದೊಂದು ಬೇಡ! ಯಾಕೆಂದು ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಯಂತ್ರ ಬಂದದ್ದು ಅವಳು ಕೆಲಸ ಮಾಡುವ ಅಂಗವಿಕಲರ ಕೇಂದ್ರದಿಂದಲೇ. ಗಾಲಿಕುರ್ಚಿ, ಊರುಗೋಲು, ಕಿವಿಯಂತ್ರ ಪಡೆದವರಿಗೆಲ್ಲ ಫೋನು ಮಾಡಿ, ಬಳಸುತ್ತಿದ್ದಾರೋ ಇಲ್ಲವೋ ವಿಚಾರಿಸಿ ಕಂಪ್ಯೂಟರಿಗೆ ತುಂಬುವುದು ಅವಳ ಪಾಲಿನ ಕೆಲಸ. 'ಬಳಸುತ್ತಿಲ್ಲ' ಎಂದು ಬಿದ್ದರೆ ಸಾಧನ ವಾಪಸು, ಸರದಿಯಲ್ಲಿ ಕಾಯುವ ಮುಂದಿನವರಿಗೆ. ಇವತ್ತು ಪರದೆಯ ಮೇಲೆ ಗಂಡನ ಹೆಸರು ಬಂತು.

"ನಿಮ್ಮನೆಯವರದ್ದಲ್ವಾ? ಫೋನ್ ಯಾಕೆ ದಂಡಕ್ಕೆ, ನೀವೇ ತುಂಬಿಬಿಡಿ ಅಕ್ಕ," ಎಂದಳು ಪಕ್ಕದ ಮೇಜಿನವಳು.

ಬಾಣದ ಗುರುತು 'ಬಳಸುತ್ತಿಲ್ಲ'ದ ಮೇಲೆ ಹೋಗಿ ನಿಂತಿತು. ಸುಳ್ಳೇನು? ತನ್ನೆದುರಿಗೆ ಬಳಸುತ್ತಿಲ್ಲವಲ್ಲ. ಒಂದು ಸಲ ಒತ್ತಿದರೆ ಟೈಲರಮ್ಮನ ಬಾಯಿಗೆ ಬೀಗ. ಆದರೆ ಪಡೆದವರ ಬಾಯಿಂದಲೇ ಕೇಳಿ ಬರೆಯಬೇಕು ಎಂಬುದು ಹೊಸಬರಿಗೆಲ್ಲ ಅವಳೇ ಹೇಳಿಕೊಡುತ್ತಿದ್ದ ಪಾಠ. ತನ್ನನ್ನೇ ಬೈದುಕೊಳ್ಳುತ್ತ ಕೇಂದ್ರದ ಫೋನಿನಲ್ಲಿ ನಂಬರು ಒತ್ತಿದಳು. ಅವನೊಂದಿಗೆ ಫೋನಿನಲ್ಲಿ ಮಾತು ಇದೇ ಮೊದಲು.

"ಕೇಂದ್ರದಿಂದ ಮಾತಾಡ್ತಿರೋದು. ಕಿವಿಯಂತ್ರ ಹಾಕ್ಕೊಳ್ತಿದ್ದೀರಾ?"

"ಹೂಂ ಮೇಡಂ, ಬೆಳಗ್ಗೆಯಿಂದ ಸಂಜೆವರೆಗೂ."

ತನ್ನ ದನಿಯ ಗುರುತೇ ಹಿಡಿಯಲಿಲ್ಲ!

"ಸಂಜೆ ಮೇಲೆ?"

"ತೆಗೆದಿಡ್ತೀನಿ. ಹೆಂಡ್ತಿ ಬರ್ತಾಳೆ." ಅವನು ದನಿ ತಗ್ಗಿಸಿದ. "ಅವಳು ನಿಮ್ಮಲ್ಲೇ ಕೆಲಸ ಮಾಡೋದು. ಬಾಯಿ ಬಿಟ್ಟೀರಾ ಮತ್ತೆ!"

"ಅವ್ರ ಮಾತು ಬೇಡ್ವಾ ನಿಮಗೆ?" ಕೇಳಬೇಕಾದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ.

"ಅಯ್ಯೋ, ಹಂಗಲ್ಲ. ಅವಳ ತುಟಿ ನೋಡ್ತಾ ನೋಡ್ತಾ ತಲೆಯೊಳಗೆ ಅವಳಿಗೊಂದು ದನಿ ಮಾಡ್ಕೊಂಡಿದ್ದೀನಿ. ಮೊದಲ್ನೇ ದಿನ ಯಂತ್ರದಲ್ಲಿ ಅವಳು ಮಾತಾಡಿದ್ದು ಬೇರೆ ಯಾರದ್ದೋ ದನಿ ಕೇಳಿಸಿದ ಹಾಗಾಯ್ತು. ಹೆದರಿಬಿಟ್ಟೆ. ಈ ದನಿ ಬಂದು ಆ ದನಿ ಹೋಗ್ಬಿಟ್ರೆ?"

ಅವಳು 'ಬಳಸುತ್ತಿದ್ದಾರೆ' ಎಂಬುದನ್ನು ಒತ್ತಿದಳು. ಟೈಲರಮ್ಮ ಮನಸ್ಸಿನಿಂದ ಎತ್ತಲೋ ಜಾರಿಹೋಗಿದ್ದಳು. ಆದರೂ ಫೋನು ಇಡಲಾಗಲಿಲ್ಲ. ಇಷ್ಟು ವರ್ಷ ತನ್ನ ಮನೆಯಲ್ಲೇ, ತನ್ನ ತುಟಿಯ ಮೇಲೇ ಕೂತು ಅವನೊಂದಿಗೆ ಹರಟಿದವಳು, ಜಗಳಾಡಿದವಳು, ಆ ಇನ್ನೊಬ್ಬಳು ಯಾರು?

"ಹೇಗಿದೆ ಆ ದನಿ?" ಎಂದಳು. "ನಿಮ್ಮ ಹೆಂಡ್ತಿಯ ನಿಜವಾದ ದನಿಗಿಂತ ಚೆನ್ನಾಗಿದ್ಯಾ?"

ಅವನು ನಕ್ಕುಬಿಟ್ಟ.

"ಅದೆಲ್ಲ ನಿಮಗ್ಯಾಕೆ ಮೇಡಂ? ಅದು ನಮ್ಮಿಬ್ಬರ ವಿಷಯ."