ಜವರಿಗೆ ಗೊತ್ತಿದ್ದ ನಗು

ತನ್ನ ತಾಯಿಯ ಹೆಣದ ಬಾಯಿಗೆ ಅಕ್ಕಿ ಹಾಕಲು ಬಗ್ಗಿದ್ದ ನಿಂಗ, ಮಗಳು ಕಿಸಕ್ಕನೆ ನಕ್ಕದ್ದು ಕೇಳಿ ಎದ್ದು ನಿಂತವನೇ ಅವಳ ಕೆನ್ನೆಗೆ ಬಾರಿಸಿದ. ಪಾಲಿಬೆಟ್ಟದ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮುಂದೆ ಕೂಡಿದ್ದವರು ಬೆಚ್ಚಿದರು. ಹರ್ಷಿತಾ ಇನ್ನೂ ನಗುತ್ತಿದ್ದಳು. ಅವನು ಜಡೆ ಹಿಡಿದೆಳೆದು ಮತ್ತೊಂದು ಕೊಟ್ಟ. ತುಟಿ ಒಡೆಯಿತು.

ಹರ್ಷಿತಾಳ ತಾಯಿ ಮುತ್ತಿ ನಿಂತಲ್ಲೇ ನಿಂತಿದ್ದಳು.

ಅಜ್ಜಿ ಸತ್ತದ್ದೂ ತಿಳಿಯದ ಕೂಸು ಎಂದು ಹೆಂಗಸರು ಗೊಣಗಿದರು. ಒಂಬತ್ತು ತುಂಬಿದರೂ ಎರಡು ಮಾತು ಕೂಡಿಸಿ ಆಡಲಾರದವಳಿಗೆ ದುಃಖ, ಸಿಟ್ಟು ಏನು ತಿಳಿದೀತು? ಇಡೀ ಲೈನು ಕೂತು ಮಾಡಿದ ಘನವಾದ ತೀರ್ಮಾನ ಅದು. ಒಪ್ಪದವಳು ಅಜ್ಜಿ ಜವರಿ ಒಬ್ಬಳೇ. ಈಗ ಅವಳೇ ಹೆಣವಾಗಿ ಚಾಪೆಯ ಮೇಲೆ ಮಲಗಿದ್ದಳು.

*

ಮೂವತ್ತು ವರ್ಷ ಕಾಫಿ ಕುಯ್ದ ಜವರಿ, ಸೊಸೆಯ ಜೊತೆ ಹಣ್ಣು ಕುಯ್ಯುವ ಪಿಕಿಂಗಿಗೆ ಹೋಗುವಾಗ ಮೊಮ್ಮಗಳನ್ನೂ ಕರೆದೊಯ್ಯುತ್ತಿದ್ದಳು. ಒಮ್ಮೆ ತೋಟಕ್ಕೆ ಆನೆ ನುಗ್ಗಿತು. ಎಲ್ಲರೂ ಚೀಲ ಬಿಸಾಡಿ ಓಡಿದರು, ಹರ್ಷಿತಾ ಮಾತ್ರ ನಿಂತು ನಗುತ್ತಿದ್ದಳು. ಜವರಿ ವಾಪಸ್ ಓಡಿ ಎತ್ತಿಕೊಂಡು ಬಂದಳು.

"ಇದು ಹೆದ್ರಿದ್ರೆ ನಗ್ತದೆ ಕಣೆ ಮುತ್ತಿ," ಎಂದಳು ಏದುಸಿರು ಬಿಡುತ್ತ. "ಬಾಯಿ ನೋಡ್ಬೇಡ, ಕಾಲ್ಬೆರಳು ನೋಡು."

ಮೂರು ದಿನದ ಹಿಂದೆ ಕುಡಿದು ಬಂದ ನಿಂಗ ಮಗಳನ್ನು ನೀರು ಕೇಳಿದ. ಅವಳು ನಕ್ಕಳು. ತನ್ನನ್ನೇ ಆಡಿಕೊಂಡಳೆಂದು ಒಲೆ ಬದಿಯ ಸೌದೆ ಎತ್ತಿದ. ಜವರಿ ಅಡ್ಡ ಬಂದಳು. ಮೊದಲ ಏಟು ನೆತ್ತಿಗೆ, ಎರಡನೆಯದು ಕಿವಿಯ ಹಿಂದೆ. ಕಾರಣ ಕೇಳುತ್ತಾರೆಂದು ನಿಂಗ ಅವಳನ್ನು ಆಸ್ಪತ್ರೆಗೂ ಒಯ್ಯಗೊಡಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮೇಂದ್ರ ವಿಚಾರಿಸಲು ಬಂದಾಗ, ಅತ್ತೆ ಹಳ್ಳದ ದಂಡೆಯಲ್ಲಿ ಜಾರಿ ಬಿದ್ದರು ಎಂದವಳು ಮುತ್ತಿಯೇ. ಗಂಡ ಜೈಲು ಸೇರಿದರೆ ಲೈನ್ ಮನೆ ಬಿಡಬೇಕಾದೀತೆಂದು ಅವಳಿಗೆ ಭಯ. ಮೂರನೆಯ ಬೆಳಿಗ್ಗೆ ಜವರಿ ಏಳಲಿಲ್ಲ.

*

ರೈಟರ್ ಧರ್ಮೇಂದ್ರನೂ ಬಂದು ನಿಂತಿದ್ದ. ನಾಲ್ವರು ಚಟ್ಟವನ್ನು ಹೆಗಲಿಗೇರಿಸಿದರು. ಹರ್ಷಿತಾ ಮತ್ತೆ ನಕ್ಕಳು, ಈ ಸಲ ಜೋರಾಗಿ. ಚಟ್ಟ ಕಟ್ಟಿ ಉಳಿದಿದ್ದ ಬಿದಿರಿನ ತುಂಡನ್ನು ನಿಂಗ ಕೈಗೆತ್ತಿಕೊಂಡ.

ಮುತ್ತಿ ಮಗಳ ಕಾಲು ನೋಡಿದಳು. ಬೆರಳುಗಳು ಮಣ್ಣನ್ನು ಕಚ್ಚಿ ಹಿಡಿದಿದ್ದವು. ಇನ್ನು ಅಡ್ಡ ಬರಲು ಜವರಿ ಇಲ್ಲ. ತಾನೇ ನುಗ್ಗಿದಳು. ಬಿದಿರು ಮೊಣಕೈಗೆ ಬಡಿದು ಮೂಳೆ ಲಟಕ್ಕೆಂದಿತು. ಇನ್ನೊಂದು ಕೈಯಲ್ಲಿ ಮಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು.

"ರೈಟರೇ, ನಮ್ಮತ್ತೆ ಜಾರಿ ಬೀಳ್ಲಿಲ್ಲ. ಇವ್ನೇ ಸೌದೇಲಿ ಹೊಡ್ದು ಸಾಯ್ಸಿದ್ದು. ನಾನು ಸುಳ್ಳು ಹೇಳ್ದೆ. ಈ ಕೂಸಿಗೆ ಎಲ್ಲಾ ತಿಳೀತದೆ. ಅದು ನಗ್ತಾ ಇಲ್ಲ, ಇವ್ನಿಗೆ ಹೆದರ್ತಾ ಅದೆ."

ನಿಂಗ ಮತ್ತೆ ಬಿದಿರು ಬೀಸುವಷ್ಟರಲ್ಲಿ ಇಬ್ಬರು ಹಿಂದಿನಿಂದ ಅವನ ಕೈ ತಿರುಚಿ ನೆಲಕ್ಕೆ ಕೆಡವಿದರು. ಧರ್ಮೇಂದ್ರ ಠಾಣೆಗೆ ಫೋನ್ ಮಾಡಲು ಪಕ್ಕಕ್ಕೆ ಸರಿದ.

ಚಟ್ಟ ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಾಲ್ವರೂ ಮೊಣಕಾಲೂರಿ, ಜವರಿಯನ್ನು ಅವಳ ಬಾಗಿಲ ಮುಂದೆಯೇ ಮೆಲ್ಲನೆ ಕೆಳಗಿಳಿಸಿದರು.